ಗಟ್ಟಿ ನೆಲ ಅಂದವನು ನಾನೇ

ಆ ನೆಲದ ಕೆಳಗೆ ಹಗೇವು ಇತ್ತು. ಅದು ನನಗೆ ಗೊತ್ತಿತ್ತು. ಊರ ಮಂದಿಯೆಲ್ಲ ಕೂತಿದ್ದಾಗ, ಸರ್ಕಾರದ ಅಧಿಕಾರಿ ನನ್ನ ಮುಖ ನೋಡಿಯೇ ಕೇಳಿದಾಗ, ಇಲ್ಲ ಅಂದೆ. ಆ ಸುಳ್ಳಿನ ಮೇಲೆ ಮಾಬೂಸಾಬ ಮನೆ ಕಟ್ಟಿದ. ಮನೆ ಕುಸಿಯಿತು, ಅವನ ಹೆಂಡತಿಯ ಕಾಲು ಹೋಯಿತು, ಅವನ ಹೆಸರೂ ಹೋಯಿತು — ಹೆಸರು ಕೆಡಿಸಿದವನೂ ನಾನೇ. ಇಷ್ಟನ್ನು ಮೊದಲಿಗೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನನ್ನ ಬುದ್ಧಿ ನನಗೆ ಗೊತ್ತು — ಆಗಿನ ಕಾಲ, ನಮ್ಮಪ್ಪ, ಮಳೆ, ಅದು ಇದು ಅಂತ ಸುತ್ತು ಹಾಕಿ, ಕಡೆಗೆ ಹೇಳಬೇಕಾದ್ದನ್ನು ಹೇಳದೆಯೇ ಎದ್ದು ಹೋಗುವ ಪೈಕಿ ನಾನು.

ಹಗೇವು ಅಂದರೇನು ಅಂತ ಈಗಿನ ಹುಡುಗರು ಕೇಳುತ್ತಾರೆ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕುಣಿ. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೊಟ್ಟೆ ದೊಡ್ಡದು, ಆಳು ಮುಳುಗುವಷ್ಟು ಆಳ. ಎರೆ ಭೂಮಿಯಲ್ಲಿ ಅದು ನಡೆಯುವುದಿಲ್ಲ, ನೀರು ಜಿನುಗುತ್ತದೆ. ಗರಸು ಮಣ್ಣಿನ ಮಡ್ಡಿ, ಅಂದರೆ ದಿಬ್ಬದಂಥ ಗಟ್ಟಿ ನೆಲವೇ ಬೇಕು. ಸುತ್ತ ಒಣಹುಲ್ಲು ಹಾಕಿ, ಜೋಳ ಸುರುವಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ನವಲಗುಂದದಿಂದ ಅಣ್ಣಿಗೇರಿ ಕಡೆ ಹೋಗುವ ಹಾದಿಯಲ್ಲಿರುವ ನಮ್ಮೂರಿನಲ್ಲಿ ಇಂಥ ಹಗೇವುಗಳು ಮನೆಗಳ ಮುಂದೆ, ಓಣಿಯಲ್ಲೇ ಇದ್ದವು. ಯಾರದು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು. ಗೊತ್ತಿರದಿದ್ದದ್ದು ನಮ್ಮ ಮನೆಯವರು ಮಡ್ಡಿಯಲ್ಲಿ ತೋಡಿಸಿದ ಒಂದು ಹಗೇವು ಮಾತ್ರ.

ಅದು ಲೆವಿಯ ಕಾಲದ್ದು. ಬೆಳೆದ ಜೋಳದಲ್ಲಿ ಇಷ್ಟು ಪಾಲು ಸರ್ಕಾರಕ್ಕೆ ಕೊಡಬೇಕು ಅಂತ ಸಾಹೇಬರು ಮನೆಮನೆಗೆ ಬಂದು, ಓಣಿಯ ಹಗೇವುಗಳಿಗೆ ಕಬ್ಬಿಣದ ಸಲಾಕೆ ಚುಚ್ಚಿ ನೋಡುತ್ತಿದ್ದ ಕಾಲ. ನಮ್ಮಪ್ಪ ದಿನಾ ಮುಂಜಾನೆ ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡದೆ ಒಂದು ಗುಟುಕು ನೀರು ಕುಡಿದವನಲ್ಲ. ಅದೇ ಅಪ್ಪ ಲೆವಿ ಸಾಹೇಬರ ಮುಂದೆ ಕೈ ಕಟ್ಟಿ ನಿಂತು, “ಉಣ್ಣಾಕs ಜ್ವಾಳಿಲ್ರಿ ನಮ್ಮನ್ಯಾಗ” ಅಂತ ಕಣ್ಣು ಪಿಳುಕಿಸದೆ ಹೇಳುತ್ತಿದ್ದ. ಊರ ಬಡಗಡೆ ಮಡ್ಡಿ ಸರ್ಕಾರದ ಜಾಗ. ಅಲ್ಲಿ ರಾಶಿ ಮಾಡಲು ಒಂದೊಂದು ಮನೆತನಕ್ಕೆ ಒಂದೊಂದು ಕಣ ಅಂತ ಹಿಂದಿನಿಂದ ರೂಢಿ. ಅಪ್ಪ ಕಲಘಟಗಿ ಕಡೆಯ ತಂಬೂರು ಅನ್ನುವ ಊರಿನಿಂದ ಆಳು ಕರೆಸಿ, ನಮ್ಮ ಕಣದ ಮೂಲೆಯಲ್ಲಿ ಹಗೇವು ತೋಡಿಸಿದ. ಆಳುಗಳು ತಮ್ಮೂರಿಗೆ ಹೋದರು. ನಾನು ಧಾರವಾಡದಲ್ಲಿ ಕಾಲೇಜು ಓದುತ್ತಿದ್ದೆ. ರಜೆಗೆ ಬಂದಾಗ ಅಪ್ಪ ನನ್ನನ್ನು ಅಲ್ಲಿಗೆ ಕರೆದೊಯ್ದು ಕಾಲಿನ ಮೆಟ್ಟು ನೆಲಕ್ಕೆ ತಾಗಿಸಿ ತೋರಿಸಿದ: “ಇಲ್ಲೆ ಐತಿ. ತಿಳೀತಿಲ್ಲೋ? ಬಾಯಿ ಬಿಟ್ಟೀ ಅಂದ್ರ ನಾಲಿಗಿ ಕಿತ್ತೇನು.”

ಮುಂದೆ ಲೆವಿ ಹೋಯಿತು. ಜೋಳ ತೆಗೆದೆವು. ಕುಣಿ ಮಾತ್ರ ಮುಚ್ಚಲಿಲ್ಲ — ಬಂಡಿಗಟ್ಟಲೆ ಮಣ್ಣು ಹೇರಿಕೊಂಡು ಹೋದರೆ ಊರಿಗೆ ಗೊತ್ತಾಗುತ್ತದಲ್ಲ! ಕಲ್ಲು ಮುಚ್ಚಿ ಮೇಲೆ ಸಾರಿಸಿಬಿಟ್ಟೆವು. ಆಮೇಲೆ ರಾಶಿಯನ್ನು ಹೊಲದಲ್ಲೇ ಮಾಡತೊಡಗಿದೆವು. ಮಡ್ಡಿಯ ಕಣಗಳೆಲ್ಲ ಹಾಳುಬಿದ್ದು ದನ ಅಡ್ಡಾಡುವ ಬಯಲಾಯಿತು.

ಎಂಬತ್ತರ ದಶಕದ ನಡುವೆ ಊರಿಗೆ ಯೋಜನೆ ಬಂತು. ಮನೆ ಇಲ್ಲದವರಿಗೆ ಮಡ್ಡಿಯಲ್ಲಿ ಬಡಾವಣೆ; ಅದರ ಸುತ್ತ ಗಿಡ ಹಚ್ಚಿ ಹಸಿರು ಪಟ್ಟಿ, ಅಲ್ಲಿ ಯಾರೂ ಮನೆ ಕಟ್ಟುವಂತಿಲ್ಲ. ಜನ ತಮ್ಮ ಅಭಿಪ್ರಾಯ, ತಕರಾರು ಏನಿದ್ದರೂ ಹೇಳಬಹುದು ಅಂತ ಡಂಗುರ ಹೊಡೆಸಿದರು. ಚಾವಡಿಯ ಮುಂದೆ ಜಮಖಾನ ಹಾಸಿ ಸಭೆ ಕೂಡಿಸಿದರು. ನಾನಾಗ ಊರ ಸಾಲೆಯಲ್ಲಿ ಮಾಸ್ತರ. ಅಧಿಕಾರಿ ಮೈಸೂರು ಕಡೆಯವರು, ನಮ್ಮ ಮಾತಿನ ಹರಿತಕ್ಕೆ ಬೆದರುತ್ತಿದ್ದರು. ಅದಕ್ಕೇ ನನ್ನನ್ನು ಬಾಜೂಕ್ಕೆ ಕೂರಿಸಿಕೊಂಡರು.

ಆ ಸಭೆ ನೆನಸಿದರೆ ಈಗಲೂ ನಗು ಬರುತ್ತದೆ — ನಗುವ ಹಕ್ಕು ನನಗಿಲ್ಲದಿದ್ದರೂ. ಮನೆಯ ಮಾತು ಒಬ್ಬರದಾದರೆ ಗಿಡದ ಮಾತು ಹತ್ತು ಮಂದಿಯದು. ಮಡ್ಡಿಯ ಬಾಜೂ ಹೊಲದ ಮುದುಕನೊಬ್ಬ ಎದ್ದು, “ಗಿಡಾ ಹಚ್ಚತೇನಂತೀರಿ. ಗಿಡದಾಗ ಗುಬ್ಬಿ ಕುಂದರತಾವು. ಕುಂತ ಗುಬ್ಬಿ ಸುಮ್ಮಿರತಾವೇನ್ರಿ? ನನ್ನ ಜ್ವಾಳದ ತೆನಿ ಸರ್ಕಾರ ಕಾಯ್ತೈತೇನು?” ಅಂದ. ಅದಕ್ಕೆ ಹಿಂದಿನಿಂದ ಒಬ್ಬ ಹೆಣ್ಣುಮಗಳು, “ನೀ ಸುಮ್ಮ ಕುಂದರೋ ಯಪ್ಪಾ. ಹೆಣ್ಣಮಕ್ಕಳು ಬಯಲಕಡಿಗೆ ಹೋಗಾಕ ಒಂದು ಮರಿ ಇಲ್ಲ ಈ ಊರಾಗ. ಹಚ್ಚರಿ ಸಾಹೇಬ್ರ, ಗಿಡಾ ದಟ್ಟಾಗಿ ಹಚ್ಚರಿ!” ಅಂದಳು. ಸಭೆಯೆಲ್ಲ ನಕ್ಕಿತು. ಅಧಿಕಾರಿಗೆ ಅರ್ಥವಾಗದೆ ನನ್ನ ಕಡೆ ನೋಡಿದರು. ನಾನು ನಾಚಿಕೊಂಡು ನೆಲ ನೋಡಿದೆ. ಇನ್ನೊಬ್ಬ ತನಗೆ ಜಾಗ ಕೊಟ್ಟರೆ ಅಣ್ಣನ ಬಾಜೂಕ್ಕೆ ಮಾತ್ರ ಕೊಡಬಾರದು ಅಂತ ಗಟ್ಟಿಯಾಗಿ ಹೇಳಿದ. ಅಣ್ಣ ಅಲ್ಲೇ ಕೂತಿದ್ದ.

ಆಗ ಎದ್ದವನು ಮಾಬೂಸಾಬ.

ಮಾಬೂ ಊರಿನ ದರ್ಜಿ. ನಾನೂ ಅವನೂ ಒಂದೇ ವರ್ಗದಲ್ಲಿ ಕೂತು ಓದಿದವರು. ಆಮೇಲೆ ನಾನು ಧಾರವಾಡಕ್ಕೆ ಹೋದೆ, ಅವನು ಹೊಲಿಗೆ ಕಲಿತ. ಅಣ್ಣತಮ್ಮಂದಿರ ಸಂಸಾರಗಳೆಲ್ಲ ಒಂದೇ ಪಡಸಾಲೆಯಲ್ಲಿ. ಸೀರೆಯ ಪರದೆಯ ಆಚೆ ಒಬ್ಬರು, ಈಚೆ ಒಬ್ಬರು. ಹೊಲಿಗೆ ಯಂತ್ರ ಕಟ್ಟೆಯ ಮೇಲೆ. ಮಳೆ ಬಂದರೆ ಅದರ ಮೇಲೆ ತಾನೇ ಬಾಗಿ ನಿಲ್ಲುತ್ತಿದ್ದ. ಅವನಿಗೆ ಸ್ವಂತ ಮನೆಯ ಹುಚ್ಚು ಹೇಳತೀರದು. ಅಂಥವನು ಎದ್ದು ಕೇಳಿದ್ದು ಇದನ್ನು:

“ಸಾಹೇಬ್ರ, ಜಾಗಾ ಛಲೋನs ಐತ್ರಿ. ಆದರ ಅಲ್ಲಿ ಮೊದಲ ಕಣಾ ಇದ್ದೂವು. ಕಣಾ ಇದ್ದಲ್ಲಿ ಎಲ್ಲೆರ ಒಂದು ಹಗೇವು ಇದ್ರೂ ಇರಬೌದು. ಕಣದವರನ್ನ ಒಮ್ಮಿ ಕೇಳಿಬಿಡ್ರಿ.”

ಎಷ್ಟು ಸರಿಯಾದ ಮಾತು! ಇಡೀ ಸಭೆಯಲ್ಲಿ ಯೋಜನೆಗೆ ನಿಜವಾಗಿ ಬೇಕಾಗಿದ್ದ ಮಾತು ಅದೊಂದೇ. ಅಧಿಕಾರಿ ಹೌಹಾರಿದರು. “ಹಾಗೇನಾದ್ರೂ ಇದ್ರೆ ಮಡ್ಡಿ ಆಗಲ್ಲ. ರಸ್ತೆ ಪಕ್ಕದ ಹೊಲ ತಗೋಬೇಕಾಗುತ್ತೆ” ಅಂದರು. ರಸ್ತೆ ಪಕ್ಕದ ಹೊಲ ನಮ್ಮದು. ಕಣವಿದ್ದ ಮನೆತನಗಳವರು ಒಬ್ಬೊಬ್ಬರಾಗಿ ನಮ್ಮದು ಇಲ್ರಿ, ನಮ್ಮದು ಇಲ್ರಿ ಅಂದರು. ಅವರದು ಖರೇ ಮಾತು. ಕಡೆಗೆ ಅಧಿಕಾರಿ ನನ್ನ ಕಡೆ ತಿರುಗಿದರು. “ನಿಮ್ಮ ಕಣಾನೂ ಅಲ್ಲೇ ಇತ್ತಂತಲ್ಲ, ಮೇಷ್ಟ್ರೇ? ನೀವು ಹೇಳಿ.”

ಅಪ್ಪ ಎದುರಿಗೇ ಕೂತಿದ್ದ. ಅವನು ಕಣ್ಸನ್ನೆ ಮಾಡಿದ, ಕೆಮ್ಮಿದ ಅಂತ ಬರೆಯಲು ನನ್ನ ಕೈ ತವಕಿಸುತ್ತಿದೆ. ಮಾಡಲಿಲ್ಲ. ಅವನು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನನ್ನನ್ನು ನೋಡುತ್ತಿದ್ದ, ಅಷ್ಟೇ. ಸುಳ್ಳು ನನ್ನದೇ.

“ಏನೂ ಇಲ್ರಿ. ಅಗದಿ ಗಟ್ಟಿ ನೆಲ ಐತಿ” ಅಂದೆ.

ಮಾಬೂ ನನ್ನ ಕಡೆ ನೋಡಿ ನಕ್ಕ. “ಮಾಸ್ತರ್ರು ಹೇಳಿದ ಮ್ಯಾಲ ಆತು ಬಿಡ್ರಿ” ಅಂದು ಕೂತುಬಿಟ್ಟ. ಬೇರೆ ಯಾರಾದರೂ ಇಲ್ಲ ಅಂದಿದ್ದರೆ ಅವನು ಇನ್ನೆರಡು ಮಾತು ಕೇಳುತ್ತಿದ್ದನೋ ಏನೋ. ನಾನು ಅಂದದ್ದಕ್ಕೆ ಕೂತ.

— ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದೆ. ಈ ಜಾಗಕ್ಕೆ ಬಂದಾಗೆಲ್ಲ ಹೀಗೇ ಆಗುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ. ಮುಂದೆ ಬರೆಯುತ್ತೇನೆ.

ಆಮೇಲೂ ಹೇಳಬಹುದಿತ್ತು. ಸಭೆ ಮುಗಿದ ಮೇಲೆ ಅಪ್ಪನಿಗೆ, “ಆ ಕುಣೀನರ ತುಂಬಿಸಿಬಿಡೂಣು” ಅಂದೆ. “ಈಗ ತುಂಬಾಕ ಹೋದ್ರ ಸುಳ್ಳಾಡಿದ್ದು ಊರಿಗೆಲ್ಲಾ ಗೊತ್ತಾಕ್ಕೈತಿ, ಶ್ಯಾಣ್ಯಾ. ಮುಂದ ನೋಡೂಣು” ಅಂದ. ಮುಂದೆ ನೋಡಲು ಅವನೇ ಇರಲಿಲ್ಲ, ಆ ಚಳಿಗಾಲದಲ್ಲಿ ತೀರಿಕೊಂಡ. ಮಡ್ಡಿಯನ್ನು ಯಂತ್ರ ತಂದು ಸಪಾಟು ಮಾಡಿದರು. ಕಣದ ಗುರುತು ಒಂದೂ ಉಳಿಯಲಿಲ್ಲ. ಹಗೇವು ಇದ್ದ ಜಾಗ ಬಡಾವಣೆಯ ರಸ್ತೆಗೆ ಬರುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಯಾರು ಹೇಳಿದರು ರಸ್ತೆಗೆ ಬರುತ್ತದೆ ಅಂತ? ಯಾರೂ ಇಲ್ಲ. ರಸ್ತೆಗೆ ಬಂದರೆ ನನಗೆ ಅನುಕೂಲ, ಅದಕ್ಕೇ ರಸ್ತೆಗೆ ಬಂತು. ಚೀಟಿ ಎತ್ತಿ ಜಾಗ ಹಂಚಿದ ದಿನ ಮಾಬೂ ತನ್ನ ಜಾಗದಲ್ಲಿ ನಿಂತು ದೂರದಿಂದಲೇ ನನಗೆ ಕೈ ಬೀಸಿದ. ನಮ್ಮ ಹಳೇ ಕಣವೂ ಅದೇ ಕಡೆ ಇತ್ತು. ಅಲ್ಲಿಗೆ ಹೋಗಿ ಹೆಜ್ಜೆ ಅಳೆದು ನೋಡಬೇಕಿತ್ತು. ಸಾಲೆಗೆ ಹೊತ್ತಾಯಿತು ಅಂತ ನಡೆದುಬಿಟ್ಟೆ.

ಮನೆಯನ್ನು ಅವನೇ ಕಟ್ಟಿದ. ದಿನಾ ಹೊಲಿಗೆ ಮುಗಿಸಿ, ಹೊತ್ತು ಇಳಿಯುವವರೆಗೆ ಕಲ್ಲು ಹೊರುತ್ತಿದ್ದ. ಅವನ ಹೆಂಡತಿ ಹುಸೇನಬಿ ಮಣ್ಣು ಕಲಸುತ್ತಿದ್ದಳು. ಖಡಕ್ ಬಾಯಿಯ ಹೆಂಗಸು, ಗಂಡನನ್ನು ಊರೆದುರೇ ಬೈಯುತ್ತಿದ್ದಳು, ಅವನು ನಗುತ್ತಿದ್ದ. ಮನೆ ಹೊಕ್ಕ ದಿನ ನನಗೂ ಕರೆ ಬಂತು. ಹೋಗಿ ಸಿಹಿ ಊಟ ಉಂಡು ಬಂದೆ. ಅಡಿಗೆ ಮನೆಯ ನೆಲ ಸಾರಿಸಿ ಒಪ್ಪ ಮಾಡಿದ್ದಳು. ಅದರ ಮೇಲೆ ನಿಂತು, “ಭಾರೀ ಆಗೇತಿ ಬಿಡೋ” ಅಂದೆ.

ಎರಡನೆಯ ಮಳೆಗಾಲದಲ್ಲಿ ಅದು ಆಯಿತು. ಜಡಿಮಳೆ ಹಿಡಿದಿತ್ತು. ಮಧ್ಯಾಹ್ನ ಹುಸೇನಬಿ ಒರಳಿನಲ್ಲಿ ಕಾರ ಕುಟ್ಟುತ್ತಾ ಕೂತಿದ್ದಾಳೆ — ಅಡಿಗೆ ಮನೆಯ ನೆಲವೇ ಬಾಯ್ದೆರೆಯಿತು. ಅವಳು ಕೆಳಗೆ, ಅವಳ ಕಾಲ ಮೇಲೆ ಒರಳು ಕಲ್ಲು, ಮೇಲಿಂದ ಒಂದು ಗೋಡೆ. ಸಾಲೆಗೆ ಸುದ್ದಿ ಬಂತು, ಓಡಿದೆ. ಹಗ್ಗ ಕಟ್ಟಿ ಅವಳನ್ನು ಎತ್ತುತ್ತಿದ್ದರು. ಮಾಬೂ ಕುಣಿಯ ಅಂಚಿನಲ್ಲಿ ಬೋರಲು ಬಿದ್ದು, “ಯಾ ಅಲ್ಲಾ, ಯಾ ಅಲ್ಲಾ” ಅನ್ನುತ್ತಿದ್ದ. ನಾನೂ ಹಗ್ಗ ಹಿಡಿದೆ. ಹಿಡಿದಾಗ ಒಳಗಿಂದ ವಾಸನೆ ಬಂತು — ಹಳೇ ಜೋಳದ, ಕೊಳೆತ ಹುಲ್ಲಿನ ವಾಸನೆ. ನಮ್ಮ ಮನೆಯದು. ಅವಳನ್ನು ಬಂಡಿಯಲ್ಲಿ ರಸ್ತೆಗೆ ತಂದು ಹುಬ್ಬಳ್ಳಿಗೆ ಸಾಗಿಸಿದರು. ಮಂಡಿಯ ಕೆಳಗೆ ಕಾಲು ಕತ್ತರಿಸಬೇಕಾಯಿತು.

ಅವರು ಅತ್ತ ಹೋದ ಮೇಲೆ ಊರ ಮಂದಿ ಕುಣಿಯ ಸುತ್ತ ನಿಂತಿದ್ದರು. ಕಿರಾಣಿ ಅಂಗಡಿಯವನು ನನ್ನನ್ನು ಕೇಳಿದ, “ಮಾಸ್ತರ್ರ, ಇದು ಹಗೇವಲ್ಲೇನ್ರಿ? ನಿಮ್ಮ ಕಣಾ ಇಲ್ಲೇ ಬಾಜೂಕ ಇತ್ತಲ್ರಿ?” ಎಲ್ಲರೂ ನನ್ನ ಮುಖ ನೋಡಿದರು. ಆಗ ನನ್ನ ಬಾಯಿಂದ ಬಂದ ಮಾತು — ಮೊದಲ ಸುಳ್ಳನ್ನಾದರೂ ಕ್ಷಮಿಸಬಹುದೇನೋ, ಇದನ್ನು ಹೇಗೆ —

“ಯಾವ ಕಾಲದ್ದೋ ಏನೋ, ಯಾರಿಗ್ಗೊತ್ತು. ಅಲ್ಲಾ, ಅಡಿಗಿ ಮನ್ಯಾಗ ನೆಲಾ ಯಾಕ ಅಗದಿದ್ದನೋ, ಅವಗs ಗೊತ್ತು.”

ಒರಳು ಕೂರಿಸಲು ಅಗೆದ ಹಸಿ ಮಣ್ಣು ಇನ್ನೂ ಹಿತ್ತಲಲ್ಲಿ ಬಿದ್ದಿತ್ತು. ಎಲ್ಲರೂ ಅದನ್ನು ನೋಡಿದರು. ನಾನು ಅಂದದ್ದು ಅಷ್ಟೇ. ಮುಂದಿನದನ್ನು ಊರು ತಾನೇ ಕಟ್ಟಿಕೊಂಡಿತು. ಸಂಜೆಯ ಹೊತ್ತಿಗೆ ಮಾಬೂಸಾಬ ಹಳೇ ಹಗೇವು ಪತ್ತೆ ಹಚ್ಚಿ ನಿಧಿಗೆ ಅಗೆಯುತ್ತಿದ್ದ ಅಂತಾಯಿತು. ಮರುದಿನಕ್ಕೆ ಬಂಗಾರದ ಕೊಪ್ಪರಿಗೆ ಸಿಕ್ಕಿದೆ ಅಂತಾಯಿತು. “ದುರಾಸಿಗೆ ಹೆಂಡ್ತಿ ಕಾಲು ಕೊಟ್ಟ ನೋಡು” ಅಂದರು. ಪೊಲೀಸರು ಬಂದು ಹೊಲಿಗೆ ಯಂತ್ರದ ಪೆಟ್ಟಿಗೆಯನ್ನೂ ಬಿಚ್ಚಿಸಿ ನೋಡಿದರು. ಊರಿನ ಬಹಳಷ್ಟು ಮಂದಿ ಬಟ್ಟೆ ಕೊಡುವುದು ನಿಲ್ಲಿಸಿದರು. ಅವನು ಅಳತೆ ತೆಗೆದುಕೊಳ್ಳಲು ಕೈ ಚಾಚಿದರೆ ಹುಡುಗರು, “ಬಂಗಾರದ ಸೂಜಿ ಐತೇನೋ?” ಅಂತ ಕೇಳುತ್ತಿದ್ದರು.

ಒಂದು ದಿನ ಸಾಲೆ ಬಿಡುವ ಹೊತ್ತಿಗೆ ಮಾಬೂ ಗೇಟಿನ ಹತ್ತಿರ ನಿಂತಿದ್ದ. ಗಡ್ಡ ಬಂದಿತ್ತು. ಯಾರೂ ಇಲ್ಲದಿದ್ದಾಗ ನನ್ನನ್ನು ಲೇ ಅನ್ನುತ್ತಿದ್ದವನು ಅವತ್ತು ಹಾಗೆ ಅನ್ನಲಿಲ್ಲ. “ಮಾಸ್ತರ್ರ, ನೀವರ ಒಂದ್ಮಾತು ಹೇಳ್ರಲ್ಲಾ, ನಾ ಅಂಥಾವಲ್ಲ ಅಂತ. ನಿಮ್ಮ ಮಾತು ಮಂದಿ ಕೇಳತಾರ” ಅಂದ.

“ಮಂದಿ ಬಾಯಿ ಯಾರು ಮುಚ್ಚತಾರ ಬಿಡೋ. ನಾಕ ದಿನಾ ಹೋದ್ರ ಮರೀತಾರ” ಅಂದೆ.

ಅವನು ತಲೆಯಾಡಿಸಿದ. ಹೌದು ಅನ್ನುವಂತೆಯೇ ಆಡಿಸಿದ. ದೀಪಾವಳಿಯೊಳಗೆ ಸಂಸಾರ ಕಟ್ಟಿಕೊಂಡು ಊರು ಬಿಟ್ಟ. ಬಿದ್ದ ಮನೆಯ ಕಲ್ಲುಗಳನ್ನು ಒಬ್ಬೊಬ್ಬರು ಒಂದೊಂದು ಒಯ್ದರು. ಕುಣಿಯನ್ನು ಪಂಚಾಯ್ತಿಯವರು ತುಂಬಿಸಿದರು. ನಮ್ಮ ಹೊಲ ಉಳಿಯಿತು. ಉಳಿದ ಹೊಲದ ಜೋಳ ಉಂಡೇ ನಾನು ಮಕ್ಕಳನ್ನು ಸಾಕಿದೆ, ಮಾತು ಮಾತಿಗೂ ಅವರಿಗೆ ಸತ್ಯ ಹೇಳಬೇಕು ಅಂತ ಬುದ್ಧಿ ಹೇಳಿದೆ. ಸಾಲೆಯ ಹುಡುಗರಿಗೂ ಹೇಳಿದೆ. ಥೂ.

ಆಮೇಲೆ ಎಷ್ಟೋ ವರ್ಷ ನಾನು ಅವನನ್ನು ಹುಡುಕಲಿಲ್ಲ. ಹುಡುಕಿದೆ, ಸಿಗಲಿಲ್ಲ ಅಂತ ಬರೆದರೆ ಚಂದ ಕಾಣುತ್ತದೆ, ಆದರೆ ಹುಡುಕಲಿಲ್ಲ. ನಿವೃತ್ತಿಯಾದ ಮೇಲೆ ಒಂದು ಮದುವೆಗೆಂದು ಹುಬ್ಬಳ್ಳಿಗೆ ಹೋಗಿದ್ದೆ. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಹಾದಿ ತಪ್ಪಿ ನಿಂತಿದ್ದಾಗ ಹಿಂದಿನಿಂದ, “ಲೇ ಮಾಸ್ತರಾ!” ಅಂತ ದನಿ ಬಂತು. ಗೂಡಿನಂಥ ಅಂಗಡಿ, ಅದರ ಹಿಂದೆಯೇ ಮನೆ. ಮಾಬೂ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಅವನಿಗೆ ಅಷ್ಟು ಸಂತೋಷ! ನನ್ನನ್ನು ನೋಡಿ! ಓಡಿಹೋಗೋಣ ಅನ್ನಿಸಿತು. ಒಳಗೆ ಕೂರಿಸಿ ಚಾ ತರಿಸಿದ. ಊರಿನ ಗಿಡ ದೊಡ್ಡವಾದವೇನು ಅಂತ ಕೇಳಿದ. ಆಗಿವೆ, ಬೇವು ಹೊಂಗೆ ಎಲ್ಲ ಆಳೆತ್ತರ ದಾಟಿವೆ, ಗುಬ್ಬಿ ಕಾಟವೂ ಬಂದಿದೆ ಅಂದೆ. ನಕ್ಕ.

ಆಮೇಲೆ ಅವನೇ ತೆಗೆದ. “ಬಂಗಾರ ಗಿಂಗಾರ ಅಂದ್ರಲ್ಲೋ ಊರ ಮಂದಿ, ಅದನ್ನ ನಾ ಕನಸಿನ್ಯಾಗೂ ಕಂಡಾವಲ್ಲ. ಕೆಳಗ ಯಾವ ಕಾಲದ ಹಗೇವು ಇತ್ತೋ, ಯಾರಿಗ್ಗೊತ್ತು. ಆದರ ಅಗದಿದ್ದು ಖರೆ. ಒರಳು ಹುಗಿಯಾಕ ಅಗದೆ. ಈಕಿ ಬ್ಯಾಡ ಅಂದ್ಲು, ಹಂಗs ಮ್ಯಾಲ ಇಟ್ಟರ ಆತು ಅಂದ್ಲು. ನಾ ಕೇಳಲಿಲ್ಲ. ಈಕಿ ಕಾಲು ನಾನs ತಗದೆ, ಮಾಸ್ತರ. ಯಾರಿಗೇನ ಅನ್ನೂದು?”

ನಾನು ಬಾಯಿ ತೆರೆದೆ. ಖರೇವಾಗಿ ಹೇಳಲೆಂದೇ ತೆರೆದೆ. ಅಷ್ಟರಲ್ಲಿ ಒಳಕೋಣೆಯಿಂದ ಹುಸೇನಬಿಯ ದನಿ ಬಂತು. ಹಾಸಿಗೆ ಹಿಡಿದಿದ್ದಳು, ಆದರೂ ದನಿ ಹಾಗೇ ಇತ್ತು:

“ನಾ ಬ್ಯಾಡ ಅಂದಿದ್ದೆ! ಆ ಮಾಸ್ತರ್ರನ್ನs ಕೇಳು. ಊರ ಮಂದಿ ಮುಂದ ಗಟ್ಟಿ ನೆಲ ಐತಿ ಅಂತ ಹೇಳಿದ್ರೋ ಇಲ್ಲೋ ಅವರು? ಗಟ್ಟಿ ನೆಲಕ್ಕ ಗುದ್ದಲಿ ಹಾಕಿ ನನ್ನ ಬಾಳೇವು ಕೆಡಿಸಿದಿ ನೀ!”

ಮಾಬೂ ತಲೆ ತಗ್ಗಿಸಿದ. ಇದನ್ನು ಅವನು ದಿನಾ ಕೇಳುತ್ತಿದ್ದ ಅಂತ ಆ ತಗ್ಗಿಸಿದ ರೀತಿಯಲ್ಲೇ ತಿಳಿಯಿತು. ಅವಳು ನನ್ನ ಸುಳ್ಳನ್ನೇ ಸಾಕ್ಷಿ ಮಾಡಿಕೊಂಡು ಗಂಡನನ್ನು ಇಷ್ಟು ವರ್ಷ ಕಟಕಟೆಯಲ್ಲಿ ನಿಲ್ಲಿಸಿದ್ದಳು, ಆ ಸಾಕ್ಷಿದಾರ ನಡುಮನೆಯಲ್ಲೇ ಕೂತಿದ್ದ. ಏನು ಮಾಡಿದ ಆ ಸಾಕ್ಷಿದಾರ? ಚಾ ಕುಡಿದ. “ಆದದ್ದಾತು ಬಿಡ್ರಿ ತಂಗಿ” ಅಂದ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದ. ಮಾಬೂ ಓಣಿಯ ತಿರುವಿನವರೆಗೂ ಕಳಿಸಲು ಬಂದ.

ಈ ಸಲದ ರಂಜಾನಿನ ಮುಂಚೆ ಹುಸೇನಬಿ ತೀರಿಕೊಂಡಳು ಅಂತ ಮಾಬೂನ ತಮ್ಮನ ಮಗನಿಂದ ತಿಳಿಯಿತು. ಕಡೆಯವರೆಗೂ ಅದೊಂದೇ ಮಾತು ಅನ್ನುತ್ತಿದ್ದಳಂತೆ. ಕೇಳಿದಾಗಿನಿಂದ ನನಗೆ ಉಂಡದ್ದು ಮೈಗೆ ಹತ್ತುತ್ತಿಲ್ಲ, ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಮನೆಯವರು ಸಕ್ಕರೆ ಕಾಯಿಲೆ ಇರಬೇಕು ತೋರಿಸಿಕೊಳ್ಳಿ ಅನ್ನುತ್ತಾರೆ.

ಈ ಬರುವ ಸೋಮವಾರ ಊರಿನಲ್ಲಿ ಗ್ರಾಮಸಭೆ ಇದೆ. ಅಲ್ಲಿ ಎದ್ದು ನಿಂತು ಹೇಳುತ್ತೇನೆ. ಅವನ ಹೆಸರು ಎಲ್ಲಿ ಹೋಯಿತೋ ಅಲ್ಲಿಯೇ ಹೇಳಬೇಕು. ಮುದುಕನಿಗೆ ಅರಳುಮರಳು ಅಂತ ನಕ್ಕರೆ ನಗಲಿ, ಎರಡನೆಯ ಸಲ ಹೇಳುತ್ತೇನೆ. ನನ್ನ ಮಗ ಬೇಡ ಅನ್ನುತ್ತಾನೆ, ಮನೆತನದ ಮರ್ಯಾದೆ ಅನ್ನುತ್ತಾನೆ.

ಅಲ್ಲಿಂದ ಹುಬ್ಬಳ್ಳಿಗೆ ಹೋಗುತ್ತೇನೆ. ಮಾಬೂ ಮತ್ತೆ ಕೈ ಹಿಡಿಯಲು ಎದ್ದು ಬಂದರೆ, ಕೈ ಕೊಡುವ ಮೊದಲೇ ಹೇಳಬೇಕು. ಹೊರಗೆ ಹಾಕಿದರೆ ಹಾಕಲಿ, ಹೊಡೆದರೆ ಹೊಡೆಯಲಿ. ಹೇಳಬೇಕಾದದ್ದು ದೊಡ್ಡದೇನಲ್ಲ — ನಿನ್ನ ಗುದ್ದಲಿಯಿಂದ ಏನೂ ಆಗಲಿಲ್ಲ, ಮಾಬೂ. ಕೆಳಗಿದ್ದದ್ದು ನಮ್ಮ ಹಗೇವು. ನನಗೆ ಅವತ್ತೇ ಗೊತ್ತಿತ್ತು.

ಹೇಳಿದ ಮೇಲೆ ಅವನು ಒಳಕೋಣೆಯ ಕಡೆ ತಿರುಗಿ ನೋಡುತ್ತಾನೆ. ಅಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ.